ನದಿ ದಂಡೆಯ ಕ್ಯಾಂಪೋ, ಎತ್ತರದ್ದೋ, ದಿನದ ಕ್ಯಾಂಪೋ? ಟೆಕ್ಸಸ್‌ನ ಪೋಷಕರಿಗೊಂದು ಹೋಲಿಕೆ

ಟೆಕ್ಸಸ್‌ನಲ್ಲಿ ಬೇಸಿಗೆ ಕ್ಯಾಂಪಿನ ಸೀಟುಗಳು ಚಳಿಗಾಲದಲ್ಲೇ ತುಂಬತೊಡಗುತ್ತವೆ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆಯ ಕನ್ನಡದ ಮನೆಗಳಲ್ಲೂ ಆಗಲೇ ಚರ್ಚೆ ಶುರು. ಮಗಳ ಗೆಳತಿಯರೆಲ್ಲ ನದಿ ದಂಡೆಯ ಕ್ಯಾಂಪಿಗೆ ಹೊರಟಿದ್ದಾರೆ, ಇವಳೂ ಹಟ ಹಿಡಿದಿದ್ದಾಳೆ. ಅಮ್ಮನಿಗೆ ಕಳಿಸುವ ಆಸೆ, ಅಪ್ಪನಿಗೆ ಧೈರ್ಯ ಸಾಲದು. ಊರಿಂದ ಬಂದ ಅಜ್ಜಿಗೆ ಬೇಸಿಗೆ ಶಿಬಿರ ಎಂದರೆ ಮೈಸೂರು ರಂಗಾಯಣದ ಚಿಣ್ಣರ ಮೇಳದಂಥದ್ದು: ಹಗಲೆಲ್ಲ ಆಡಿ ಹಾಡಿ ಮನೆಗೆ ಬಂದು ಮಲಗುವುದು. ಇಲ್ಲಿ ಮಗು ವಾರಗಟ್ಟಲೆ ಬೇರೆಯವರ ಸುಪರ್ದಿಯಲ್ಲಿ ಮಲಗಿ ಏಳುತ್ತದೆ. ಹೋಲಿಕೆಯನ್ನು ಆ ರಾತ್ರಿಗಳಿಂದಲೇ ಶುರುಮಾಡಬೇಕು.

2025ರ ಜುಲೈ 4ರ ನಸುಕಿನಲ್ಲಿ ಕೆರ್ ಕೌಂಟಿಯ ಹಂಟ್ ಊರಿನ ಬಳಿ ಗ್ವಾಡಲೂಪೆ ನದಿ 45 ನಿಮಿಷದಲ್ಲಿ ಸುಮಾರು 26 ಅಡಿ ಏರಿತು. ಹಂಟ್‌ನ ಮಾಪಕ 37.5 ಅಡಿ ಮುಟ್ಟಿ 1932ರ ದಾಖಲೆಯನ್ನು ಮುರಿಯಿತು. 1926ರಿಂದ ನಡೆಯುತ್ತಿದ್ದ ಹೆಣ್ಣುಮಕ್ಕಳ ಶಿಬಿರ ಕ್ಯಾಂಪ್ ಮಿಸ್ಟಿಕ್‌ನಲ್ಲಿ 25 ಮಕ್ಕಳು, ಅವರನ್ನು ನೋಡಿಕೊಳ್ಳುವ ಇಬ್ಬರು ಕೌನ್ಸೆಲರ್‌ಗಳು ತೀರಿಕೊಂಡರು. ಮಕ್ಕಳನ್ನು ಉಳಿಸಲು ಹೋದ ನಿರ್ದೇಶಕ ಡಿಕ್ ಈಸ್ಟ್‌ಲ್ಯಾಂಡ್ ಕೂಡ ಮರಳಲಿಲ್ಲ. ಮಧ್ಯ ಟೆಕ್ಸಸ್‌ನಲ್ಲಿ ಒಟ್ಟು ಸತ್ತವರು 130ಕ್ಕೂ ಹೆಚ್ಚು.

ಕ್ಯಾಂಪ್ ಆರಿಸುವವರು ಗಮನಿಸಬೇಕಾದ್ದು ಅದರ ಹಿಂದುಮುಂದಿನ ವಿವರಗಳನ್ನು. ರಾಜ್ಯದ ಆರೋಗ್ಯ ಇಲಾಖೆಯ ತಪಾಸಣೆಗಾರರು ಎರಡೇ ದಿನ ಮುಂಚೆ, ಜುಲೈ 2ರಂದು, ಆ ಕ್ಯಾಂಪಿಗೆ ಬಂದು ತುರ್ತು ಯೋಜನೆ ಇದೆ ಎಂದು ಬರೆದುಕೊಂಡು ಹೋಗಿದ್ದರು. ಜುಲೈ 3ರ ಮಧ್ಯಾಹ್ನವೇ ಹವಾಮಾನ ಸೇವೆಯ 'ಫ್ಲಡ್ ವಾಚ್', ಎಂದರೆ ನೆರೆ ಬರಬಹುದೆಂಬ ಮುನ್ಸೂಚನೆ, ಬಂದಿತ್ತು. ರಾತ್ರಿ 1:14ಕ್ಕೆ ದಿಢೀರ್ ನೆರೆ ಬಂದೇಬಿಟ್ಟಿತು ಎಂಬ 'ಫ್ಲ್ಯಾಶ್ ಫ್ಲಡ್ ವಾರ್ನಿಂಗ್' ಬಂತು, 4:03ಕ್ಕೆ ಜೀವಕ್ಕೇ ಅಪಾಯ ಎಂಬ 'ಫ್ಲ್ಯಾಶ್ ಫ್ಲಡ್ ಎಮರ್ಜೆನ್ಸಿ'. ಇವೆರಡರ ನಡುವೆ 2 ಗಂಟೆ 49 ನಿಮಿಷ. ಅದೇ ರಾತ್ರಿ, ಅದೇ ನದಿಯ ಇನ್ನೊಂದು ಕವಲಿನ ಮೇಲಿರುವ ಮೋ-ರಾಂಚ್ ಎಂಬ ಶಿಬಿರ ಕೇಂದ್ರದಲ್ಲಿ ಸಿಬ್ಬಂದಿಯೊಬ್ಬರು ಒಂದು ಗಂಟೆಯ ಹೊತ್ತಿಗೆ ನೀರು ಏರುವುದನ್ನು ಕಣ್ಣಾರೆ ಕಂಡು ಮೇಲಿನವರಿಗೆ ತಿಳಿಸಿದರು. ತಗ್ಗಿನ ಕಟ್ಟಡಗಳಲ್ಲಿದ್ದ ಸುಮಾರು 70 ಮಂದಿಯನ್ನು ಎಬ್ಬಿಸಿ ಎತ್ತರಕ್ಕೆ ಸಾಗಿಸಿದರು. ಅಲ್ಲಿ ಒಂದೂ ಸಾವಾಗಲಿಲ್ಲ. ನಮ್ಮ ಅಳತೆಗೋಲು ಇದರಿಂದಲೇ ಹುಟ್ಟುತ್ತದೆ. ಮೊದಲು ಹಾಸಿಗೆ ಎಲ್ಲಿದೆ ಎಂದು ನೋಡಿ, ಆಮೇಲೆ ರಾತ್ರಿ ಯಾರು ಎಚ್ಚರವಿರುತ್ತಾರೆ ಎಂದು ಕೇಳಿ. ಲೈಸೆನ್ಸು, ಬ್ರೋಷರು, ನೂರು ವರ್ಷದ ಪರಂಪರೆ ಇವೆಲ್ಲ ಆಮೇಲಿನವು.

ಅಳತೆಗೋಲುಗಳು

ಹಾಸಿಗೆಯ ಎತ್ತರವನ್ನು ಮನೆಯಲ್ಲೇ ಕೂತು ಅಳೆಯಬಹುದು. ಮಗುವಿನ ವಯಸ್ಸಿನವರು ಮಲಗುವ ಕ್ಯಾಬಿನ್ ಯಾವುದು ಎಂದು ಕ್ಯಾಂಪಿನವರನ್ನು ಕೇಳಿ, ನಕ್ಷೆ ತರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಆ ಛಾವಣಿಯ ಪಕ್ಕದ ನೆಲದ ಮೇಲೆ ಮೌಸ್ ಇಟ್ಟರೆ ಕೆಳಗಡೆ ಸಮುದ್ರಮಟ್ಟದಿಂದ ಎಷ್ಟು ಅಡಿ ಎಂದು ಕಾಣುತ್ತದೆ. ಹತ್ತಿರದ ನೀರಿನಂಚಿನ ಮೇಲೂ ಇಟ್ಟು ನೋಡಿ, ಮೊದಲ ಅಂಕೆಯಿಂದ ಅದನ್ನು ಕಳೆಯಿರಿ. ಈ ಲೆಕ್ಕದಲ್ಲಿ ಕೆಲವು ಅಡಿಗಳ ತಪ್ಪು ಸಹಜ, ಹಾಗಾಗಿ 22 ಅಡಿಗೂ 25 ಅಡಿಗೂ ಭೇದ ಎಣಿಸಬೇಡಿ. ಹಿಲ್ ಕಂಟ್ರಿಯಲ್ಲಿ, ಅಂದರೆ ಕೆರ್ ಕೌಂಟಿ ಇರುವ ಮಧ್ಯ ಟೆಕ್ಸಸ್‌ನ ಗುಡ್ಡಗಾಡಿನಲ್ಲಿ, ವ್ಯತ್ಯಾಸ 40 ಅಡಿಗಿಂತ ಕಡಿಮೆ ಬಂದರೆ ಆ ಕ್ಯಾಬಿನ್ ನೀರಿನ ಕೈಗೆ ಎಟುಕುವಂಥದ್ದು ಎಂದೇ ಹಿಡಿಯಿರಿ.

ಎರಡನೇ ನಕ್ಷೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ್ದು. ಅದರ 'ಫ್ಲಡ್ ಮ್ಯಾಪ್ ಸರ್ವಿಸ್ ಸೆಂಟರ್'ನಲ್ಲಿ ವಿಳಾಸ ಹಾಕಿದರೆ ಬಣ್ಣದ ವಲಯಗಳು ಕಾಣುತ್ತವೆ. ಎ ಅಥವಾ ಎಇ ವಲಯವೆಂದರೆ 'ನೂರು ವರ್ಷದ ನೆರೆ'ಯ ಬಯಲು. ಹೆಸರು ಮೋಸದ್ದು. ನೂರು ವರ್ಷಕ್ಕೊಮ್ಮೆ ಎಂದು ಅದರ ಅರ್ಥವಲ್ಲ, ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದು. 30 ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 26. ಗೆರೆ ಗೀಚಿದ 'ಫ್ಲಡ್‌ವೇ' ಇನ್ನೂ ಕೆಟ್ಟದ್ದು, ನೀರು ರಭಸದಿಂದ ಹರಿಯುವ ದಾರಿಯೇ ಅದು. ಕಟ್ಟಡ ಈ ವಲಯದ ಹೊರಗಿದೆ ಎಂದು ಕಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅದು ಮೊದಲಿಂದಲೇ ಹೊರಗಿತ್ತೋ, ಮನವಿ ಸಲ್ಲಿಸಿ ಹೊರಗೆ ಹಾಕಿಸಿದ್ದೋ? ಮಿಸ್ಟಿಕ್‌ನ 30 ಕಟ್ಟಡಗಳನ್ನು 2013ರಿಂದ 2020ರ ನಡುವೆ ಫೆಮಾ ಹೀಗೆ ಮನವಿಯ ಮೇಲೆ ನಕ್ಷೆಯ ಅಪಾಯದ ವಲಯದಿಂದ ತೆಗೆದಿತ್ತು. ಇಂಥ ತಿದ್ದುಪಡಿ ಪತ್ರಗಳು ಅದೇ ಜಾಲತಾಣದಲ್ಲಿ ಸಿಗುತ್ತವೆ. ಸಣ್ಣ ಹಳ್ಳಗಳು ಎಷ್ಟೋ ಕಡೆ ಈ ನಕ್ಷೆಗೇ ಬಂದಿರುವುದಿಲ್ಲ. ಕ್ಯಾಬಿನ್ ಹಿಂದೆ ಒಣಗಿದ ಹಳ್ಳವೊಂದು ಕಂಡರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಎಚ್ಚರದ ವಿಷಯ. ಬಹುತೇಕ ಕ್ಯಾಂಪುಗಳಲ್ಲಿ ಮಕ್ಕಳ ಕೈಗೆ ಫೋನ್ ಇಲ್ಲ, ಕೌನ್ಸೆಲರ್‌ಗಳಿಗೂ ಹಲವೆಡೆ ಇಲ್ಲ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ, ಇದ್ದವರದ್ದು ರಾತ್ರಿ ಸೈಲೆಂಟಿನಲ್ಲಿರುತ್ತದೆ. ಅದಕ್ಕೇ ಹವಾಮಾನ ರೇಡಿಯೊ ಬೇಕು. ಮೂವತ್ತು ನಲವತ್ತು ಡಾಲರಿನ ಸಣ್ಣ ಪೆಟ್ಟಿಗೆ, 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಗಳಲ್ಲಿ ಒಂದನ್ನು ಹಿಡಿದು ಕೂತಿರುತ್ತದೆ, ಎಚ್ಚರಿಕೆ ಬಂದೊಡನೆ ಕಿರುಚುತ್ತದೆ. ಅದಕ್ಕೆ ಕೌಂಟಿಯ ಆರಂಕಿಯ ಕೋಡ್ ತುಂಬಬೇಕು. ಕೆರ್ ಕೌಂಟಿಯದ್ದು 048265. ಕೆಡುವುದು ಎಲ್ಲಿ ಅಂದರೆ ತೀರಾ ಸಣ್ಣ ವಿಷಯಗಳಲ್ಲಿ. ಕೋಡ್ ತುಂಬಿರುವುದಿಲ್ಲ. ಬ್ಯಾಟರಿ ಹಾಕಿರುವುದಿಲ್ಲ, ಕರೆಂಟ್ ಹೋದೊಡನೆ ರೇಡಿಯೊ ಸತ್ತಿರುತ್ತದೆ. ಬೀಗ ಹಾಕಿದ ಆಫೀಸಿನಲ್ಲಿ ಅದು ಒಂದೇ ಕೂಗಿಕೊಳ್ಳುತ್ತಿರುತ್ತದೆ. ಅಥವಾ ಪದೇ ಪದೇ ಕಿರುಚುತ್ತದೆಂದು ಬೇಸತ್ತು ಯಾರೋ ದನಿ ತಗ್ಗಿಸಿರುತ್ತಾರೆ. 'ರೇಡಿಯೊ ಇದೆಯಾ' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. 'ಅದು ಯಾರ ತಲೆದಿಂಬಿನ ಪಕ್ಕ ಇರುತ್ತದೆ' ಎಂದು ಕೇಳಿ.

ಮೂರನೆಯದು ಅಧಿಕಾರ ಮತ್ತು ದಾರಿ. 19 ವರ್ಷದ ಕೌನ್ಸೆಲರ್ ನಿರ್ದೇಶಕರ ಅಪ್ಪಣೆಗೆ ಕಾಯದೆ ತನ್ನ ಮಕ್ಕಳನ್ನು ಹೊರಡಿಸಬಹುದೇ? 'ಆಫೀಸಿಂದ ಹೇಳುವವರೆಗೂ ಕ್ಯಾಬಿನ್‌ನಲ್ಲೇ ಇರಬೇಕು' ಎಂಬುದು ಬೇರೆ ರಾತ್ರಿಗಳಿಗೆ ಸರಿ, ನೀರು ಏರುವ ರಾತ್ರಿಗೆ ಸರಿಯಲ್ಲ. ಹೊರಟರೆ ಎಲ್ಲಿಗೆ? 'ಬಸ್ಸಿನಲ್ಲಿ ಸಾಗಿಸುತ್ತೇವೆ' ಎಂಬ ಉತ್ತರ ಬಂದರೆ ಹುಷಾರು. 1987ರ ಜುಲೈ 17ರಂದು ಇದೇ ಗ್ವಾಡಲೂಪೆಯ ಮೇಲೆ, ಕಂಫರ್ಟ್ ಊರಿನ ಬಳಿ, ಕ್ಯಾಂಪಿನಿಂದ ಮಕ್ಕಳನ್ನು ಹೊರಗೆ ಸಾಗಿಸುತ್ತಿದ್ದ ಬಸ್ಸೇ ನೀರಿಗೆ ಸಿಕ್ಕಿ 10 ಹದಿಹರೆಯದವರು ಸತ್ತರು. ರಭಸದ ನೀರು ಆರಿಂಚು ಇದ್ದರೆ ದೊಡ್ಡವರನ್ನೂ ಉರುಳಿಸೀತು, ಒಂದಡಿ ಇದ್ದರೆ ಸಾಮಾನ್ಯ ಕಾರು ತೇಲೀತು, ಎರಡಡಿಗೆ ದೊಡ್ಡ ಗಾಡಿಗಳೂ ನಿಲ್ಲವು. ಸರಿಯಾದ ಉತ್ತರ ಹೀಗಿರಬೇಕು: ಕ್ಯಾಬಿನ್ ಬಾಗಿಲಿಂದ ಯಾವ ಹಳ್ಳವನ್ನೂ ದಾಟದೆ, ಕಾಲ್ನಡಿಗೆಯಲ್ಲಿ, ಮೇಲಕ್ಕೆ. ಎಂಟು ವರ್ಷದ ಹತ್ತು ಹನ್ನೆರಡು ಮಕ್ಕಳನ್ನು ಕತ್ತಲಲ್ಲಿ ಎಬ್ಬಿಸಿ, ಚಪ್ಪಲಿ ಹಾಕಿಸಿ, ಎಣಿಸಿ, 200 ಮೀಟರ್ ಏರಿಸಿ, ಮತ್ತೆ ಎಣಿಸಲು 15 ನಿಮಿಷವಾದರೂ ಬೇಕು. ನಡೆದರೆ ಎಲ್ಲ ಕ್ಯಾಬಿನ್‌ಗಳೂ ಒಟ್ಟಿಗೇ ಹೊರಡಬಹುದು. ಒಂದೇ ವ್ಯಾನಾದರೆ ಕೊನೆಯ ಕ್ಯಾಬಿನ್‌ನ ಸರದಿ ಬರುವ ಹೊತ್ತಿಗೆ ರಸ್ತೆಯೇ ಇರದಿರಬಹುದು. ಸೆಷನ್ನಿನ ಮೊದಲ 24 ಗಂಟೆಯೊಳಗೆ ಕತ್ತಲಲ್ಲಿ ಒಮ್ಮೆ ಅಭ್ಯಾಸ ಮಾಡಿಸುತ್ತಾರೋ ಕೇಳಿ. ಮಾಡಿಸುವವರು ಎಷ್ಟು ನಿಮಿಷ ಹಿಡಿಯಿತು ಎಂದು ಥಟ್ಟನೆ ಹೇಳುತ್ತಾರೆ.

ಜನರ ಲೆಕ್ಕಕ್ಕೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಪ್ರಮಾಣ ಒಳ್ಳೆಯ ಆಧಾರ. ರಾತ್ರಿ ತಂಗುವ ಕಡೆ 6ರಿಂದ 8 ವಯಸ್ಸಿನ ಆರು ಮಕ್ಕಳಿಗೆ ಒಬ್ಬರು, 9ರಿಂದ 14ಕ್ಕೆ ಎಂಟು ಮಕ್ಕಳಿಗೆ ಒಬ್ಬರು. ದಿನದ ಕ್ಯಾಂಪಿನಲ್ಲಿ ಇವೇ ವಯಸ್ಸಿಗೆ ಎಂಟು ಮತ್ತು ಹತ್ತು. ಈ ಸಂಘದ ಮಾನ್ಯತೆ ಕಡ್ಡಾಯವಲ್ಲ, ಕ್ಯಾಂಪಿನವರೇ ಕೇಳಿ ಪಡೆಯುವಂಥದ್ದು. ಹಾಗಾಗಿ ಇದ್ದರೆ ಒಂದು ಅಂಕ ಕೊಡಿ, ಅಷ್ಟೇ.

ಕಾನೂನಿನ ಮಾತೂ ಒಂದಿಷ್ಟು. 2025ರ ಸೆಪ್ಟೆಂಬರ್ 5ರಂದು ಗವರ್ನರ್ ಗ್ರೆಗ್ ಅಬ್ಬಾಟ್ ಸಹಿ ಹಾಕಿದ ಹೊಸ ಕಾಯ್ದೆಗಳ ಪ್ರಕಾರ ನೆರೆ ಬಯಲಿನಲ್ಲಿ ಮಕ್ಕಳು ಮಲಗುವ ಕ್ಯಾಬಿನ್ ಇಟ್ಟುಕೊಂಡ ಕ್ಯಾಂಪಿಗೆ ಟೆಕ್ಸಸ್‌ನಲ್ಲಿ ಲೈಸೆನ್ಸ್ ಸಿಗಬಾರದು. ವಿವರವಾದ ತುರ್ತು ಯೋಜನೆ, ಸಿಬ್ಬಂದಿಗೆ ತರಬೇತಿ, ಮಕ್ಕಳಿಗೆ ತಿಳಿವಳಿಕೆ, ಎಚ್ಚರಿಕೆಯ ವ್ಯವಸ್ಥೆ ಬೇಕು. ಫೈಬರ್ ಇಂಟರ್ನೆಟ್ ಕೂಡ ಇರಬೇಕೆಂಬ ನಿಯಮ ದುಬಾರಿಯೆಂದು ಕೆಲವು ಕ್ಯಾಂಪುಗಳು ಕೋರ್ಟ್ ಮೆಟ್ಟಿಲೇರಿದ್ದವು. ಕಾಯ್ದೆ ಬಂದದ್ದು ಒಳ್ಳೆಯದೇ. ಆದರೆ ಅದು ನೋಡುವುದು ಫೆಮಾ ನಕ್ಷೆಯ ಗೆರೆಯನ್ನು. ನೀವು ನೋಡಬೇಕಾದ್ದು ನೆಲದ ಎತ್ತರವನ್ನು.

ನದಿ ದಂಡೆಯ ರಾತ್ರಿ ಕ್ಯಾಂಪ್

ಸೈಪ್ರೆಸ್ ಮರದ ನೆರಳು, ತಿಳಿನೀರು, ದೋಣಿ: ಇದರ ಸೆಳೆತ ಸುಳ್ಳಲ್ಲ. ಆದರೆ ಜಾಗದ ಗುಣವೇ ಬೇರೆ. ಸುಣ್ಣಕಲ್ಲಿನ ಮೇಲೆ ತೆಳ್ಳಗಿನ ಮಣ್ಣು, ಕಡಿದಾದ ಗುಡ್ಡಗಳು, ಮೆಕ್ಸಿಕೊ ಕೊಲ್ಲಿಯಿಂದ ನುಗ್ಗುವ ತೇವ. ಬಿದ್ದ ಮಳೆ ಇಂಗುವುದಿಲ್ಲ, ಬಾಣಲೆಯ ಅಂಚಿಗೆ ಸುರಿದ ಎಣ್ಣೆಯಂತೆ ತಳಕ್ಕೆ ಜಾರುತ್ತದೆ. 'ಫ್ಲ್ಯಾಶ್ ಫ್ಲಡ್ ಆ್ಯಲಿ', ದಿಢೀರ್ ನೆರೆಯ ಓಣಿ, ಎಂದು ಈ ಪಟ್ಟಿಗೆ ಹೆಸರೇ ಬಿದ್ದಿದೆ. ನಿಮ್ಮ ಮಗುವಿನ ತಲೆಯ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ನದಿಯ ಮೇಲ್ಗಡೆ ಹತ್ತು ಮೈಲಿ ದೂರದಲ್ಲಿ ಸುರಿದ ಮಳೆಯ ನೀರು ಬರಬಹುದು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಬೇಕಿಲ್ಲ. ಒಂದೇ ಕ್ಯಾಂಪಿನೊಳಗೆ ತಗ್ಗಿನ ಕ್ಯಾಬಿನ್, ಎತ್ತರದ ಕ್ಯಾಬಿನ್ ಎರಡೂ ಇರುತ್ತವೆ. ಸಮಸ್ಯೆ ಏನೆಂದರೆ ಊಟದ ಮನೆ, ಆಟದ ಬಯಲು ಹತ್ತಿರವಿರಲೆಂದು ಅತಿ ಚಿಕ್ಕವರನ್ನೇ ಹಲವೆಡೆ ತಗ್ಗಿನಲ್ಲಿ ಮಲಗಿಸುತ್ತಾರೆ. ನದಿ ಹಗಲಿಗೆ, ಗುಡ್ಡ ರಾತ್ರಿಗೆ ಎಂಬ ಏರ್ಪಾಡಿದ್ದರೆ ಇಂಥ ಕ್ಯಾಂಪನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಇಲ್ಲವಾದರೆ 12 ವರ್ಷದ ಒಳಗಿನವರಿಗೆ ಬೇಡ ಎಂಬುದೇ ನಮ್ಮ ಸಲಹೆ. ಖರ್ಚು ಸಾಮಾನ್ಯವಾಗಿ ವಾರಕ್ಕೆ ಸಾವಿರ ಡಾಲರಿಗೂ ಮೇಲೆ. ಮುಂಗಡ ಕಟ್ಟುವ ಮುನ್ನ ಒಪ್ಪಂದದ ಎರಡು ಸಾಲು ಓದಿ: ಫ್ಲಡ್ ವಾಚ್ ಇದ್ದ ದಿನ ನೀವಾಗಿಯೇ ಕಳಿಸದಿದ್ದರೆ ಹಣ ವಾಪಸ್ಸೇ? ಕೆಲವು ಕಡೆ ಕ್ಯಾಂಪೇ ರದ್ದು ಮಾಡಿದರೆ ಮಾತ್ರ ಕೊಡುತ್ತಾರೆ.

ಎತ್ತರದ ಅಥವಾ ಸರೋವರದ ಬಳಿಯ ರಾತ್ರಿ ಕ್ಯಾಂಪ್

ಹೊರಗೆ ಮಲಗುವ ಅನುಭವ ಬೇಕು, ನದಿಯ ಭಯ ಬೇಡ ಎನ್ನುವವರಿಗೆ ಇದು. ಪೂರ್ವ ಟೆಕ್ಸಸ್‌ನ ಪೈನ್ ಕಾಡುಗಳ ಸರೋವರಗಳಲ್ಲಿ ನೀರು ಗ್ವಾಡಲೂಪೆಯಷ್ಟು ದಿಢೀರನೆ ಏರುವುದು ಅಪರೂಪ. ಆದರೆ ಅಣೆಕಟ್ಟಿನ ಕೆಳಗಿನ ಕ್ಯಾಂಪ್ ಎಂದರೆ ಮತ್ತೆ ನದಿ ದಂಡೆಯದೇ ಲೆಕ್ಕ; ಗೇಟು ತೆರೆಯುವ ಮುನ್ನ ಕ್ಯಾಂಪಿಗೆ ಯಾರು ತಿಳಿಸುತ್ತಾರೆ ಎಂದು ಕೇಳಿ.

ಇಲ್ಲಿ ಅಪಾಯ ರೂಪ ಬದಲಿಸುತ್ತದೆ. ಸುಂಟರಗಾಳಿಗೆ ತಗಡಿನ ಊಟದ ಮನೆ ಆಸರೆಯಲ್ಲ; ಗಟ್ಟಿ ಗೋಡೆಯ, ಕಿಟಕಿಯಿಲ್ಲದ ಕೋಣೆ ಎಲ್ಲಿದೆ, ಎಲ್ಲ ಮಕ್ಕಳೂ ಹಿಡಿಸುತ್ತಾರೋ ಎಂದು ವಿಚಾರಿಸಿ. ಗುಡುಗು ಕೇಳಿದೊಡನೆ ನೀರಿಂದ ಮೇಲಕ್ಕೆ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುವುದು: ಈ ನಿಯಮವನ್ನು ಜೀವರಕ್ಷಕರು ಬಾಯಿಪಾಠ ಹೇಳುವಂತಿರಬೇಕು. ಈಜಿನ ಹೊತ್ತಿನಲ್ಲಿ ಮಕ್ಕಳನ್ನು ಜೋಡಿ ಜೋಡಿಯಾಗಿ ಎಣಿಸುವುದು ಎಷ್ಟು ನಿಮಿಷಕ್ಕೊಮ್ಮೆ ಎಂದೂ ಕೇಳಿ. ಕೊಲರಾಡೊ ಬೆಟ್ಟಗಳ ಕ್ಯಾಂಪುಗಳೂ ಈ ಗುಂಪಿನವೇ. ಅಲ್ಲಿ ಕಾಳ್ಗಿಚ್ಚು, ಮಧ್ಯಾಹ್ನದ ಸಿಡಿಲು ಮುಖ್ಯ, ಟೆಕ್ಸಸ್‌ನ ಹೊಸ ಕಾಯ್ದೆ ಅಲ್ಲಿಗೆ ಅನ್ವಯಿಸುವುದಿಲ್ಲ. ವಿಮಾನದ ಟಿಕೆಟ್ ಸೇರಿದರೆ ಬಜೆಟ್ ಬೇರೆಯದೇ ಆಗುತ್ತದೆ, ತುರ್ತಿಗೆ ನೀವು ತಲುಪಲು ಒಂದು ದಿನ ಹಿಡಿಯಬಹುದು.

ದಿನದ ಕ್ಯಾಂಪ್

ವೈಎಂಸಿಎ, ನಗರದ ಪಾರ್ಕ್ ಇಲಾಖೆ, ಶಾಲೆಗಳು ನಡೆಸುವಂಥವು. ರಾತ್ರಿಯ ಅಪಾಯವೇ ಇಲ್ಲ, ಮಗು ನಿಮ್ಮಿಂದ ಅರ್ಧ ಗಂಟೆ ದೂರದಲ್ಲಿ. ಖರ್ಚು ಸಾಮಾನ್ಯವಾಗಿ ರಾತ್ರಿ ಕ್ಯಾಂಪಿನ ಅರ್ಧಕ್ಕಿಂತಲೂ ಕಡಿಮೆ. ಜೊತೆಗೆ ತೆರಿಗೆಯ ಲಾಭ: 13 ವರ್ಷದೊಳಗಿನ ಮಕ್ಕಳ ದಿನದ ಕ್ಯಾಂಪಿಗೆ ಕಚೇರಿಯ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ, ಎಂದರೆ ಮಕ್ಕಳ ಪಾಲನೆಗೆಂದು ತೆರಿಗೆಯಿಲ್ಲದೆ ಸಂಬಳದಿಂದ ಎತ್ತಿಡುವ ಖಾತೆಯ, ಹಣ ಬಳಸಬಹುದು. ಆ ಖಾತೆಯ ಮಿತಿ 2026ರಿಂದ 5,000 ಡಾಲರಿನಿಂದ 7,500ಕ್ಕೆ ಏರಿದೆ. ರಾತ್ರಿ ತಂಗುವ ಕ್ಯಾಂಪಿಗೆ ಈ ಹಣ ಒಂದು ಡಾಲರೂ ಸಲ್ಲದು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಕಷ್ಟ ಇರುವುದು ಬಿಸಿಲಿನಲ್ಲಿ, ವ್ಯಾನಿನಲ್ಲಿ, ಮತ್ತು ಸಂಜೆ ಕರೆದುಕೊಂಡು ಬರುವ ಹೊತ್ತಿನಲ್ಲಿ. ವಾರಕ್ಕೊಂದು ಪ್ರವಾಸ ಇಟ್ಟಿರುತ್ತಾರೆ, ಅದು ಯಾವುದೋ ಹೊಳೆಯ ಈಜುಗುಂಡಿಗೂ ಆಗಿರಬಹುದು. ಆಸ್ಟಿನ್ ಸುತ್ತ ಮಳೆ ಬಂದ ಸಂಜೆ ತಗ್ಗಿನ ಸೇತುವೆಗಳು ಮುಳುಗುತ್ತವೆ; ಯಾವ ದಾಟು ಮುಚ್ಚಿದೆ ಎಂದು 'ಎಟಿಎಕ್ಸ್ ಫ್ಲಡ್ಸ್' ನಕ್ಷೆ ತೋರಿಸುತ್ತದೆ. ಆರು ಗಂಟೆಗೆ ಬಾಗಿಲು ಹಾಕುತ್ತೇವೆ, ತಡವಾದರೆ ನಿಮಿಷಕ್ಕಿಷ್ಟು ದಂಡ ಎನ್ನುವ ಕ್ಯಾಂಪು ಪೋಷಕರನ್ನು ನೀರಿಗಿಳಿಯಲು ದೂಡಿದಂತೆ. ಹವಾಮಾನ ಎಚ್ಚರಿಕೆ ಇದ್ದ ದಿನ ದಂಡವಿಲ್ಲದೆ ಮಕ್ಕಳನ್ನು ಉಳಿಸಿಕೊಳ್ಳುತ್ತಾರೋ ಎಂದು ಸೇರಿಸುವಾಗಲೇ ಬರೆಸಿಕೊಳ್ಳಿ.

ಯಾರಿಗೆ ಯಾವುದು

ಏಳೆಂಟು ವರ್ಷದ, ಮೊದಲ ಸಲ ಹೊರಡುವ ಮಗುವಿಗೆ ಈ ವರ್ಷ ದಿನದ ಕ್ಯಾಂಪ್, ಜೊತೆಗೆ ನಿಮ್ಮ ಜೊತೆಯೇ ಸ್ಟೇಟ್ ಪಾರ್ಕಿನ ಎತ್ತರದ ಜಾಗದಲ್ಲಿ ಎರಡು ರಾತ್ರಿ ಡೇರೆ. ಉಳಿದ ಹಣದಲ್ಲಿ ಈಜು ಕಲಿಸಿ. ಈಜು ಬಂದರೆ ನೆರೆಯನ್ನು ಗೆಲ್ಲಬಹುದೆಂದಲ್ಲ, ಮುಂದೆ ಯಾವ ಕ್ಯಾಂಪಿಗೆ ಹೋದರೂ ಬೇಕಾಗುತ್ತದೆಂದು. ಹತ್ತರಿಂದ ಹದಿಮೂರರವರಿಗೆ ಎತ್ತರದ ಕ್ಯಾಂಪಿನ ಒಂದು ವಾರ ಸಾಕು. ಮೂರು ನಾಲ್ಕು ವಾರದ ಸೆಷನ್ನಿಗೆ ಆತುರ ಬೇಡ. ಹದಿನಾಲ್ಕು ದಾಟಿದವರು ದಾರಿ ನೆನಪಿಟ್ಟುಕೊಂಡು ಚಿಕ್ಕವರನ್ನೂ ಎಬ್ಬಿಸಬಲ್ಲರು. ಹಾಸಿಗೆ ಎತ್ತರದಲ್ಲಿದ್ದರೆ ಅವರಿಗೆ ನದಿಯ ಕ್ಯಾಂಪೂ ಆದೀತು. ಇನ್ಸುಲಿನ್, ಇನ್ಹೇಲರ್, ಎಪಿಪೆನ್ (ತೀವ್ರ ಅಲರ್ಜಿಯ ಚುಚ್ಚುಮದ್ದು) ಬೇಕಾದ ಮಗುವಾದರೆ ಇನ್ನೊಂದು ಪ್ರಶ್ನೆ ಮುಂದಿಡಿ: ಔಷಧಿ ಇರುವುದು ತಗ್ಗಿನ ದವಾಖಾನೆಯಲ್ಲೋ, ಮೇಲೆ ಸೇರುವ ಜಾಗದಲ್ಲೂ ಒಂದು ಕಟ್ಟು ಇಟ್ಟಿದ್ದಾರೋ?

ಎರಡು ಕ್ಯಾಂಪುಗಳು ಸರಿಸಮ ಎನಿಸಿದರೆ ಫೋನ್ ಮಾಡಿ, ಆಫೀಸಿನಲ್ಲಿ ಎತ್ತಿಕೊಂಡವರಿಗೇ ಕೇಳಿ: ರಾತ್ರಿ ಎರಡು ಗಂಟೆಗೆ ಫ್ಲ್ಯಾಶ್ ಫ್ಲಡ್ ವಾರ್ನಿಂಗ್ ಬಂದರೆ ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ? ಹೆಸರು, ಜಾಗ, ಕ್ರಮ ಹೇಳಿದವರನ್ನು ಆರಿಸಿ. 'ನಮ್ಮಲ್ಲಿ ಸಮಗ್ರ ಯೋಜನೆ ಇದೆ, ಮೇಲ್ ಮಾಡುತ್ತೇವೆ' ಎಂದವರ ಮೇಲ್ ಬರಲಿ, ಓದಿ, ಆಮೇಲೆ ನಿರ್ದೇಶಕರ ಹತ್ತಿರವೇ ಅದೇ ಪ್ರಶ್ನೆ ಕೇಳಿ. ಫ್ಲಡ್ ವಾಚ್ ಬಂದ ಸಂಜೆಯೇ, ಎಂದರೆ ವಾರ್ನಿಂಗಿಗೂ ಕಾಯದೆ, ತಗ್ಗಿನ ಮಕ್ಕಳನ್ನು ಮೇಲಿನ ಹಾಲ್‌ನಲ್ಲಿ ಮಲಗಿಸುವ ಪದ್ಧತಿ ಇದ್ದರೆ ಬೇರೆ ನಾಲ್ಕು ಕೊರತೆಗಳನ್ನು ಮನ್ನಿಸಬಹುದು.

ಕಳಿಸುವುದೆಂದು ನಿಶ್ಚಯವಾದ ಮೇಲೆ ಚೀಲಕ್ಕೆ ಇವಿಷ್ಟು: ತಲೆಗೆ ಕಟ್ಟುವ ಟಾರ್ಚು, ಹೊಸ ಬ್ಯಾಟರಿ, ಕೊರಳಿಗೆ ಸೀಟಿ, ರಾತ್ರಿ ಹಾಸಿಗೆ ಪಕ್ಕದಲ್ಲೇ ಇಡಬೇಕಾದ ಮುಚ್ಚಿದ ಶೂ, ಅಳಿಸದ ಶಾಯಿಯಲ್ಲಿ ಹೆಸರೂ ಎರಡು ಫೋನ್ ನಂಬರೂ ಬರೆದ ಕೈಪಟ್ಟಿ. ಎರಡನೇ ನಂಬರು ಆ ದಿನಗಳಲ್ಲಿ ಅಮೆರಿಕದಲ್ಲೇ, ನಿಮ್ಮ ನಗರದಲ್ಲೇ ಇರುವವರದ್ದಾಗಿರಲಿ. ಬೇಸಿಗೆಯಲ್ಲಿ ಮಗುವನ್ನು ಕ್ಯಾಂಪಿಗೆ ಬಿಟ್ಟು ಅಪ್ಪ ಅಮ್ಮ ಬೆಂಗಳೂರಿಗೆ ಹಾರುವುದು ನಮ್ಮವರಲ್ಲಿ ಮಾಮೂಲು. ಟೆಕ್ಸಸ್‌ನ ರಾತ್ರಿ 1:14 ಎಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ 11:44. ಸುದ್ದಿ ನಿಮಗೆ ತಲುಪೀತು, ನೀವು ತಲುಪಲಾರಿರಿ. ಆದ್ದರಿಂದ ಮಗುವನ್ನು ಬಿಡಿಸಿಕೊಳ್ಳಲು, ಚಿಕಿತ್ಸೆಗೆ ಒಪ್ಪಿಗೆ ಕೊಡಲು ಸ್ಥಳೀಯ ಗೆಳೆಯರೊಬ್ಬರ ಹೆಸರನ್ನು ಅರ್ಜಿಯಲ್ಲಿ ಬರೆಯಿರಿ. ಅವರ ಸಹಿಯೂ ಗುರುತಿನ ಚೀಟಿಯ ನಕಲೂ ಕ್ಯಾಂಪಿನ ಕಡತಕ್ಕೆ ಸೇರಿತೇ ಎಂದು ಹೊರಡುವ ಹಿಂದಿನ ವಾರವೇ ಖಾತ್ರಿ ಮಾಡಿಕೊಳ್ಳಿ.